ಎರಡನೇ ನಲ್ಲಿ

ಮಾರ್ಚ್ 9

ತಮ್ಮಾ,

ನೀನು ಯಾವ ಸಮುದ್ರದ ಮೇಲಿದ್ದೀಯೋ, ಈ ಕಾಗದ ನಿನ್ನನ್ನು ಯಾವ ಬಂದರಿನಲ್ಲಿ ಹಿಡಿಯುತ್ತದೋ ಗೊತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಮನೆಯ ಫೋನು ಅಪ್ಪನ ಕುರ್ಚಿಯ ಪಕ್ಕದಲ್ಲೇ ಇದೆ. ಅದೂ ಅಲ್ಲದೆ ನಾವಿಬ್ಬರೂ ಫೋನಿನಲ್ಲಿ ಮೂರನೇ ನಿಮಿಷಕ್ಕೆ ಜಗಳ ಶುರು ಮಾಡುತ್ತೇವೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು.

ವಿಷಯಕ್ಕೆ ಬರುತ್ತೇನೆ. ಅಪ್ಪನ ಗಾಡಿ, ನಮ್ಮ ಮಿಡತೆಯ ಎಂಜಿನ್ ಹೋಯಿತು. ಚಳಿ ಕಡಿಮೆಯಾಯಿತಲ್ಲ ಎಂದು ಕಳೆದ ವಾರ ಹೊದಿಕೆ ತೆಗೆದು ನೋಡಿದರೆ ಅದು ಇನ್ನು ಏಳುವ ಸ್ಥಿತಿಯಲ್ಲಿಲ್ಲ. ವಯಸ್ಸಾಗಿತ್ತು. ನನಗಿಂತ ಆರು ವರ್ಷ ದೊಡ್ಡದು ಆ ಎಂಜಿನ್. ನನ್ನ ಮಂಡಿಯೇ ಕಟಕಟ ಅನ್ನುತ್ತಿರುವಾಗ ಅದನ್ನು ಬೈದು ಏನು ಪ್ರಯೋಜನ? ನೀನು ಅಳಬೇಡ. ಆ ಹಸಿರು ಮೈ, ಎರಡೇ ಸೀಟು, ಮರದ ಸ್ಟಿಯರಿಂಗು, ಅಪ್ಪ ನಲವತ್ತು ವರ್ಷದ ಹಿಂದೆ ಗುಜರಿಯಿಂದ ಎಳೆದು ತಂದು ಎಬ್ಬಿಸಿ ನಿಲ್ಲಿಸಿದ್ದೆಲ್ಲ ಹಾಗೇ ಇದೆ. ಎಂಜಿನ್ ಒಂದನ್ನು ಬದಲಾಯಿಸುತ್ತೇನೆ.

ಬದಲಿ ಸಿಕ್ಕಿಯೂ ಆಯಿತು. ಹಿಂದಿನಿಂದ ಲಾರಿ ಗುದ್ದಿದ ಒಂದು ನಾಲ್ಕು ಬಾಗಿಲಿನ ಕಾರು. ಹಿಂಭಾಗ ಪೂರ್ತಿ ನುಗ್ಗುನುರಿ, ಮುಂಭಾಗಕ್ಕೆ ಒಂದು ಗೀರೂ ಇಲ್ಲ. ಎಂಜಿನ್ನಿಗೆ ಹನ್ನೆರಡೇ ವರ್ಷ. ಅಲ್ಯುಮಿನಿಯಂ ಮೈ, ಪೆಟ್ರೋಲನ್ನು ಸೂಜಿಯಲ್ಲಿ ಚುಚ್ಚಿದ ಹಾಗೆ ಅಳೆದು ಬಿಡುವ ಇಂಜೆಕ್ಷನ್, ಐದು ಗೇರಿನ ಪೆಟ್ಟಿಗೆ. ನಿನ್ನೆಯೇ ಗ್ಯಾರೇಜಿಗೆ ತಂದಿಳಿಸಿದೆ. ವೆಲ್ಡರ್ ಮಾವ ಅದರ ಸುತ್ತ ಮೂರು ಸುತ್ತು ಹಾಕಿ, "ಇಷ್ಟು ದೊಡ್ಡ ಹೊಟ್ಟೇನ ಅಷ್ಟು ಚಿಕ್ಕ ಬಾಯಿಗೆ ತುರುಕ್ತೀಯಾ ತಾಯಿ?" ಎಂದರು. ತುರುಕುತ್ತೇನೆ. ಅದೂ ಮಿಡತೆಯ ಮೈಗೆ ಒಂದೇ ಒಂದು ಹೊಸ ತೂತು ಕೊರೆಯದೆ. ಇರುವ ತೂತುಗಳಿಗೇ ಬೋಲ್ಟ್ ಕೂರಬೇಕು. ಎಂದಾದರೂ ಹಳೆಯದನ್ನು ಮತ್ತೆ ಕೂರಿಸಬೇಕು ಅನ್ನಿಸಿದರೆ ಕೂರಿಸಲು ಬರಬೇಕು. ಇದು ನಾನು ನನಗೇ ಹಾಕಿಕೊಂಡ ಷರತ್ತು.

ಸೆಪ್ಟೆಂಬರಿನಲ್ಲಿ ಬೆಟ್ಟದ ಓಟ. ಹಳೆ ಗಾಡಿಗಳ ಸಂಘದವರು ಆಗಲೇ ಚೀಟಿ ಕಳಿಸಿದ್ದಾರೆ. ಮೂವತ್ತೊಂದು ವರ್ಷ ಅಪ್ಪ ಒಂದು ಸಲವೂ ತಪ್ಪಿಸಿಲ್ಲ, ಈ ಸಲವೂ ತಪ್ಪಬಾರದು. ಅವರೇ ಸ್ಟಿಯರಿಂಗ್ ಹಿಡಿದು ತುದಿ ಮುಟ್ಟಬೇಕು. ನನ್ನ ಹಟ ಅಷ್ಟೇ.

ಅಪ್ಪನಿಗೆ ಮಂಡಿನೋವು, ಗ್ಯಾರೇಜಿಗೆ ಬರುವುದು ಕಡಿಮೆ. ಉಳಿದಂತೆ ಆರಾಮ.

ನಿನ್ನ ಅಕ್ಕ

*

ಏಪ್ರಿಲ್ 2

ಅಕ್ಕಾ,

ನಿನ್ನ ಕಾಗದ ಬಂದರಿನ ಏಜೆಂಟರ ಕಪಾಟಿನಲ್ಲಿ ಎಂಟು ದಿನ ಕಾದು ಕೂತಿತ್ತು. ನಿಂತಲ್ಲೇ ಓದಿದೆ. ನೀನು ಹೇಳಿದ ಹಾಗೆ ಕೊನೆಯ ತನಕ ಬಾಯಿ ಮುಚ್ಚಿಕೊಂಡೇ ಇದ್ದೆ. ಈಗ ನನ್ನ ಸರದಿ.

ನಾಲ್ಕು ಮಹಡಿ ಎತ್ತರದ ಎಂಜಿನ್ನಿನ ಜೊತೆ ಹದಿನೆಂಟು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಎಂಜಿನ್ "ವಯಸ್ಸಾಗಿ" ಸಾಯುವುದಿಲ್ಲ. ಬೇರಿಂಗ್ ಸವೆಯುತ್ತದೆ, ರಿಂಗ್ ಸೋರುತ್ತದೆ, ಒಂದು ಕಡೆ ಒಂದು ಕಾರಣವಿರುತ್ತದೆ. ಏನಾಯಿತು ಎಂದು ಒಂದು ಸಾಲಿನಲ್ಲಿ ಬರೆಯಲು ನಿನಗೇನು ಕಷ್ಟ? ಹೊರಟ ದಿನ ಬೆಳಿಗ್ಗೆ ನಾನು ಮಿಡತೆಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಇದ್ದು ಬಂದೆ. ಚೆನ್ನಾಗಿಯೇ ಇತ್ತು. ಮೂರೇ ತಿಂಗಳಲ್ಲಿ ಏಳಲಾರದಷ್ಟು ಮುದಿಯಾಗಿಬಿಟ್ಟಿತೇ?

ಬೇಕಾದ ಭಾಗ ಯಾವುದು ಹೇಳು, ನಾನು ಹುಡುಕುತ್ತೇನೆ. ಬಂದರಿನ ಪಕ್ಕದ ಬೀದಿಗಳಲ್ಲಿ ಸಿಗದ ಹಳೆ ಸಾಮಾನಿಲ್ಲ. ಅಪ್ಪ ಗೇರ್ ಇಳಿಸುವಾಗ ಆ ಎಂಜಿನ್ ಒಂದು ಸಲ ಕೆಮ್ಮಿ ಆಮೇಲೆ ಗುಡುಗುತ್ತಿತ್ತಲ್ಲ, ಅದನ್ನು ಕೇಳಿಯೇ ನಾವು ಊಟಕ್ಕೆ ತಟ್ಟೆ ಇಡುತ್ತಿದ್ದೆವು. ಅದನ್ನು ತೆಗೆದು ಯಾವುದೋ ಆಫೀಸಿಗೆ ಹೋಗಿಬರುವ ಕಾರಿನ ಯಂತ್ರ ಕೂರಿಸಿದರೆ ಅದು ಮಿಡತೆಯೇ ಅಲ್ಲ. ಜೊತೆಗೆ ಅಷ್ಟು ಶಕ್ತಿಯ ಎಂಜಿನ್ ಅಷ್ಟು ಹಗುರ ಗಾಡಿಗೆ! ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಇನ್ನೊಂದು ಮಾತು. ಎರಡು ಹಾಳೆ ಬರೆದಿದ್ದೀಯ. ನಿನ್ನ ಹಟ ಇದೆ, ಮಾವನ ತಮಾಷೆ ಇದೆ. ಅಪ್ಪ ಏನಂದರು ಅನ್ನುವುದು ಮಾತ್ರ ಎಲ್ಲೂ ಇಲ್ಲ.

ತಮ್ಮ

*

ಏಪ್ರಿಲ್ 24

ಕಪ್ಪಿತಾನರೇ,

(ನೀನು ಕಪ್ಪಿತಾನನಲ್ಲ, ಎಂಜಿನಿಯರ್, ಗೊತ್ತು. ಭಾಷಣ ಮಾಡುವವರನ್ನೆಲ್ಲ ನಾನು ಹಾಗೇ ಕರೆಯುವುದು.)

ಮೊದಲು ಮೂಗುತಿಯ ವಿಷಯ. ಹಳೆಯದು ಬೀಡುಕಬ್ಬಿಣ, ಇದು ಅಲ್ಯುಮಿನಿಯಂ. ತೂಗಿ ನೋಡಿದೆ. ಐದು ಗೇರಿನ ಪೆಟ್ಟಿಗೆ ಸೇರಿಸಿಯೂ ಹೊಸದು ಮೂವತ್ತೆಂಟು ಕಿಲೋ ಹಗುರ. ಮೂಗಿಗೆ ಈಗ ಉಸಿರಾಡಲು ಜಾಗವಾಯಿತು. ಬ್ರೇಕು ಮಾತ್ರ ಹಳೆಯದು ಸಾಲದು; ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿದ್ದೇನೆ. ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸಬೇಕು ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು.

ಕೆಲಸ ಹೇಗಾಗುತ್ತಿದೆ ಕೇಳು. ಶೂ ಡಬ್ಬದ ರಟ್ಟು ಕತ್ತರಿಸಿ ಎಂಜಿನ್ ಕೂರುವ ತೊಟ್ಟಿಲಿನ ಅಚ್ಚು ಮಾಡಿದೆ. ಏಳು ರಟ್ಟು ಹಾಳಾದವು, ಎಂಟನೆಯದು ಕೂತಿತು. ಅದನ್ನಿಟ್ಟು ಮಾವ ಉಕ್ಕಿನ ತೊಟ್ಟಿಲು ಬೆಸೆದರು. ಹಳೆಯ ನಾಲ್ಕು ತೂತಿಗೆ ನಾಲ್ಕು ಬೋಲ್ಟ್, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಕೂತವು. ಎಂಜಿನ್ ಇಳಿಸಿದರೆ ಅದರ ಎಣ್ಣೆ ತೊಟ್ಟಿ ಸ್ಟಿಯರಿಂಗಿನ ದಂಡಕ್ಕೆ ತಾಗಿತು. ತೊಟ್ಟಿಯ ಮುಂಭಾಗ ಕೊಯ್ದು, ಆಳ ಕಡಿಮೆ ಮಾಡಿ, ಅಗಲ ಹೆಚ್ಚಿಸಿದೆವು. ಆಮೇಲೆ ಗಾಳಿ ಎಳೆಯುವ ಕೊಳವೆ ಬಾನೆಟ್ಟಿಗೆ ಎರಡು ಬೆರಳು ಎತ್ತರವಾಯಿತು. ಮಾವ ಬಾನೆಟ್ಟು ಕತ್ತರಿಸಲು ಕೈ ತುರಿಸಿಕೊಂಡು ನಿಂತಿದ್ದರು. ನಾನು ಅವರನ್ನೇ ನೋಡಿದೆ, ಅವರು ಗರಗಸ ಇಳಿಸಿದರು. ಕೊಳವೆಯನ್ನೇ ಕೊಯ್ದು ಬಗ್ಗಿಸಿ ಬೆಸೆದೆವು.

ಈಗ ಉಳಿದಿರುವುದು ವೈರು. ಆ ಕಾರಿನಲ್ಲಿ ಎಂಬತ್ತಕ್ಕೂ ಹೆಚ್ಚು ವೈರುಗಳಿದ್ದವು. ಎಂಜಿನ್ನಿಗೆ ಬೇಕಾಗಿದ್ದು ಇಪ್ಪತ್ತೆರಡು. ಕಿಟಕಿ ಇಳಿಸುವುದು, ಸೀಟು ಬಿಸಿ ಮಾಡುವುದು, ಬೆಲ್ಟ್ ಹಾಕಿಲ್ಲ ಎಂದು ಕುಯ್ಯೋ ಅನ್ನುವುದು, ಇಂಥವನ್ನೆಲ್ಲ ಬಿಡಿಸಿ ತೆಗೆಯುತ್ತಿದ್ದೇನೆ.

ಅಪ್ಪ ಏನಂದರು ಎಂದು ಕೇಳಿದ್ದೀಯ. "ನಿನ್ನಿಷ್ಟ ಕಣಮ್ಮ" ಅಂದರು.

ಅಕ್ಕ

*

ಮೇ 17

ಅಕ್ಕಾ,

ನಿನ್ನೆ ಮನೆಗೆ ಫೋನ್ ಮಾಡಿದ್ದೆ. ನೀನು ಗ್ಯಾರೇಜಿನಲ್ಲಿದ್ದೆ. ಅಪ್ಪ ಎತ್ತಿದರು. ಬೆಳಿಗ್ಗೆ ಹನ್ನೊಂದು ಗಂಟೆಗೆ ಅಪ್ಪ ಮನೆಯಲ್ಲಿ! ಗಾಡಿ ಹೇಗಿದೆ ಎಂದೆ. "ಅದೆಲ್ಲ ಅಕ್ಕನ್ನ ಕೇಳಪ್ಪ, ನಂಗೆ ತಿಳಿಯಲ್ಲ" ಅಂದರು. ನಂಗೆ ತಿಳಿಯಲ್ಲ! ಹುಟ್ಟಿದಾಗಿನಿಂದ ಆ ಬಾಯಲ್ಲಿ ನಾನು ಕೇಳದ ಮಾತು ಅದು. ಸೆಪ್ಟೆಂಬರಿನಲ್ಲಿ ಬೆಟ್ಟ ಹತ್ತುತ್ತೀರಲ್ಲ ಎಂದೆ. "ಇಲ್ಲ, ಬರಲ್ಲ ಅಂತ ಸಂಘದೋರಿಗೆ ಹೇಳ್ಬಿಟ್ಟೆ" ಅಂದರು. ಮಂಡಿನೋವು ಎಂಥದ್ದು ಎಂದು ಕೇಳಿದರೆ, "ಯಾರಿಗೆ ಮಂಡಿನೋವು?" ಅಂದರು.

ನೀನು ನನಗೆ ಸುಳ್ಳು ಬರೆದೆ. ಯಾಕೆ ಎಂದು ಈಗ ಗೊತ್ತಾಗುತ್ತಿದೆ. ಕೀಲಿಕೈ ನಿನ್ನ ಹತ್ತಿರವಂತೆ, ಗ್ಯಾರೇಜು ನಿನ್ನ ಕೈಯಲ್ಲಿ, ಈಗ ಅಪ್ಪನ ಗಾಡಿಯ ಹೊಟ್ಟೆಯೂ ನಿನ್ನದೇ. ಅವರಿಗೆ ಅರ್ಥವಾಗದ ಕಂಪ್ಯೂಟರ್ ಪೆಟ್ಟಿಗೆ ತಂದು ಕೂರಿಸಿ, ಅವರ ಗ್ಯಾರೇಜಿನಲ್ಲಿ ಅವರನ್ನೇ ನೆಂಟರ ಹಾಗೆ ಮಾಡಿದ್ದೀಯ. ನೀನು ಕೆಲಸ ಬಲ್ಲವಳು, ಅದರಲ್ಲಿ ನನಗೆ ಎಂದೂ ಅನುಮಾನವಿಲ್ಲ. ಆದರೆ ಅವರನ್ನು ಕುರ್ಚಿಗೆ ಕಳಿಸುವ ಹಕ್ಕು ನಿನಗೆ ಯಾರು ಕೊಟ್ಟರು?

ತಮ್ಮ

*

ಜೂನ್ 20

ತಮ್ಮಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಎರಡು ಸಲ ಉತ್ತರ ಬರೆದು ಎರಡನ್ನೂ ಒಲೆಗೆ ಹಾಕಿದೆ. ಕೋಪದಲ್ಲಿ ಬರೆದದ್ದು ಚೆನ್ನಾಗಿ ಉರಿಯುತ್ತದೆ.

ನಿನಗೆ ಹೇಳುವುದಿಲ್ಲ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಆ ಮಾತನ್ನು ಇವತ್ತು ಮುರಿಯುತ್ತಿದ್ದೇನೆ, ಯಾಕೆಂದರೆ ನಿನ್ನ ಕಣ್ಣಲ್ಲಿ ಕಳ್ಳಿಯಾಗಿ ಕೂರಲು ನನ್ನಿಂದಾಗದು.

ಎಂಜಿನ್ ವಯಸ್ಸಾಗಿ ಹೋಗಲಿಲ್ಲ. ನೀರು ಹೆಪ್ಪುಗಟ್ಟಿ ಒಡೆಯಿತು. ಸೊನ್ನೆಗಿಂತ ಕೆಳಗಿಳಿಯುವ ನಮ್ಮೂರಿನ ಜನವರಿಯ ಚಳಿಗೆ ಒಳಗಿದ್ದ ನೀರು ಮಂಜುಗಡ್ಡೆಯಾಗಿ, ಎಂಜಿನ್ನಿನ ಪಕ್ಕೆಯಲ್ಲಿ ಒಂದು ಗೇಣುದ್ದ ಬಿರುಕು. ಮಾರ್ಚಿನಲ್ಲಿ ನೀರು ಹಾಕಿದರೆ ಮೇಲಿಂದ ಸುರಿದದ್ದು ಪಕ್ಕದಿಂದ ಇಳಿಯಿತು. ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು.

ಅಪ್ಪ ಆ ಎಂಜಿನ್ನಿಗೆ ಎಂದೂ ಚಳಿಗೆ ಹೆಪ್ಪುಗಟ್ಟದ ಆ ಹಸಿರು ಕೂಲಂಟ್ ಹಾಕಿದವರಲ್ಲ. "ಆ ಕಷಾಯ ಕುಡಿಸಿದ್ರೆ ಹಳೇ ಗ್ಯಾಸ್ಕೆಟ್ಟೆಲ್ಲ ಅತ್ತು ಸೋರುತ್ತೆ" ಅನ್ನುತ್ತಿದ್ದರು. ಬರೀ ನೀರು, ಡಿಸೆಂಬರ್ ಮೊದಲ ವಾರ ಬಂದಾಗ ಅದನ್ನು ಪೂರ್ತಿ ಇಳಿಸಿ, ಸ್ಟಿಯರಿಂಗಿಗೆ ಒಂದು ತಗಡು ನೇತುಹಾಕುವುದು. ಎಣ್ಣೆ ಡಬ್ಬದ ಮುಚ್ಚಳ ಕತ್ತರಿಸಿ ಮಾಡಿದ್ದು. ಅದರ ಮೇಲೆ ಅಮ್ಮ ಇದ್ದಾಗ ಉಗುರುಬಣ್ಣದಲ್ಲಿ "ನೀರಿಲ್ಲ" ಎಂದು ಬರೆದದ್ದು. ಆ ತಗಡು ನೇತಾಡುತ್ತಿದ್ದರೆ ಯಾರೂ ಗಾಡಿ ಮುಟ್ಟಬಾರದು, ಯಾರೂ ಮತ್ತೆ ಪರೀಕ್ಷೆ ಮಾಡಬೇಕಾಗಿಲ್ಲ. ನಮ್ಮ ಗ್ಯಾರೇಜಿನಲ್ಲಿ ಅದು ವೇದವಾಕ್ಯ.

ಈ ಸಲ ತಗಡು ಸ್ಟಿಯರಿಂಗಿನ ಮೇಲೇ ಇತ್ತು. ನಾನು ಹಾಕಿರಲಿಲ್ಲ. ಆ ಕೆಲಸಕ್ಕೆ ಕೈಹಾಕುವವರು ಇಬ್ಬರೇ, ನಾನು ಮತ್ತು ಅಪ್ಪ. ನೀರು ಇಳಿಸಲು ಎರಡು ನಲ್ಲಿಗಳಿವೆ: ಒಂದು ಮುಂದೆ ರೇಡಿಯೇಟರಿನ ಕೆಳಗೆ, ಇನ್ನೊಂದು ಎಂಜಿನ್ನಿನ ಪಕ್ಕೆಯಲ್ಲಿ, ಹೊಗೆ ಕೊಳವೆಯ ಮರೆಯಲ್ಲಿ. ಮೊದಲನೆಯದನ್ನಷ್ಟೇ ತೆರೆದರೆ ಎಂಜಿನ್ನಿನ ಹೊಟ್ಟೆಯ ನೀರು ಅಲ್ಲೇ ಉಳಿಯುತ್ತದೆ. ರೇಡಿಯೇಟರ್ ಒಣಗಿತ್ತು. ಎರಡನೆಯ ನಲ್ಲಿ ತೆರೆದಿರಲೇ ಇಲ್ಲ.

ಅಪ್ಪ ಆ ತಗಡನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ನಾನು ಹಾಕಿದ್ದು ನೆನಪೇ ಇಲ್ವಲ್ಲಮ್ಮ" ಅಂದರು. ಆಮೇಲೆ, "ಅರ್ಧ ಕೆಲಸ ಮಾಡಿ ಪೂರ್ತಿ ಆಯ್ತು ಅಂತ ಬೋರ್ಡ್ ಹಾಕಿದೀನಿ. ನಲವತ್ತು ವರ್ಷ ತಪ್ಪದ ಕೆಲಸ. ಇನ್ನು ಗಿರಾಕಿ ಗಾಡಿಯ ಬ್ರೇಕು ಹೀಗೇ ಅರ್ಧ ಕಟ್ಟಿ ಕಳಿಸಿದ್ರೆ?" ಅಂದರು. ತಮ್ಮಾ, ಕೀಲಿಕೈ ಗೊಂಚಲನ್ನು ಅವರೇ ನನ್ನ ಅಂಗಿಯ ಜೇಬಿಗೆ ಹಾಕಿದ್ದು. ಸ್ಪ್ಯಾನರುಗಳನ್ನು ಒರೆಸಿ ಗೋಡೆಯ ಮೇಲಿನ ಆಯಾ ಗುರುತಿನಲ್ಲಿ ನೇತುಹಾಕಿ, ಕಿವಿಗಿಟ್ಟು ಎಂಜಿನ್ ಕೇಳುವ ಆ ರಬ್ಬರ್ ಕೊಳವೆಯನ್ನು ಡ್ರಾಯರಿನಲ್ಲಿಟ್ಟು ಮನೆಗೆ ಹೋದವರು ಮತ್ತೆ ಬಂದಿಲ್ಲ. ಈಗ ಮನೆಯಲ್ಲಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುತ್ತಾರೆ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. "ಡಾಕ್ಟ್ರಿಗೇನು ಗೊತ್ತು, ತಗಡು ಸುಳ್ಳು ಹೇಳುತ್ತಾ?" ಅಂತಾರೆ. ಮಗನಿಗೆ ಹೇಳಬೇಡ, ಅವನು ಸಮುದ್ರದ ನಡುವೆ ಕೂತು ಕೊರಗುತ್ತಾನೆ ಎಂದು ಆಣೆ ಮಾಡಿಸಿಕೊಂಡಿದ್ದರು.

ನಾನು ಅವರನ್ನು ಕುರ್ಚಿಗೆ ಕಳಿಸಲಿಲ್ಲ. ಕುರ್ಚಿಯಿಂದ ಎಬ್ಬಿಸಲು ಈ ಎಂಜಿನ್ ಹಾಕುತ್ತಿದ್ದೇನೆ. ಬಿರುಕು ಕಣ್ಣೆದುರಿಗಿರುವ ತನಕ ಅವರು ಆ ಗಾಡಿಯ ಹತ್ತಿರ ಬರುವುದಿಲ್ಲ ಎಂದು ನನಗೆ ಅನ್ನಿಸಿತು.

ಹೊಸ ಎಂಜಿನ್ ಕಳೆದ ವಾರ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಆದರೆ ನಿಂತಲ್ಲೇ ಓಡುವಾಗ ಕುಂಟುತ್ತದೆ. ಏರುತ್ತದೆ, ಇಳಿಯುತ್ತದೆ, ಬಿಕ್ಕುತ್ತದೆ. ಕಂಪ್ಯೂಟರ್ ಪೆಟ್ಟಿಗೆಯನ್ನು ಕೇಳಿದರೆ ಎಲ್ಲ ಸರಿ ಅನ್ನುತ್ತದೆ. ಎಂಟು ದಿನದಿಂದ ಹುಡುಕುತ್ತಿದ್ದೇನೆ. ಅಪ್ಪನ ಕಿವಿ ಬೇಕು. ಅಪ್ಪ ತಮ್ಮ ಕಿವಿಯನ್ನೂ ನಂಬುತ್ತಿಲ್ಲ.

ಅಕ್ಕ

*

ಜುಲೈ 11

ಅಕ್ಕಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದದಲ್ಲಿ ತಗಡು ಎನ್ನುವ ಮಾತು ಬಂದ ಕೂಡಲೇ ನನ್ನ ಕೈ ಹೆಗಲಿಗೆ ಹೋಯಿತು.

ಆ ತಗಡು ನೇತುಹಾಕಿದವನು ನಾನು.

ಹೊರಟ ದಿನ ಬೆಳಿಗ್ಗೆ ನೀವಿಬ್ಬರೂ ನನ್ನ ಪೆಟ್ಟಿಗೆಗೆ ಹಗ್ಗ ತರಲು ಅಂಗಡಿಗೆ ಹೋಗಿದ್ದಿರಿ. ಅಪ್ಪ ಹಿಂದಿನ ದಿನ, ಇನ್ನೊಂದು ವಾರದಲ್ಲಿ ಗಾಡಿಯ ಕೆಳಗೆ ತೂರಿ ನೀರು ಇಳಿಸಬೇಕು ಅಂದಿದ್ದರು. ಎಪ್ಪತ್ನಾಲ್ಕು ವರ್ಷದವರು ಆ ತಣ್ಣನೆಯ ನೆಲದ ಮೇಲೆ ಯಾಕೆ ಮಲಗಬೇಕು ಎಂದುಕೊಂಡು ನಾನೇ ಹೋದೆ. ರೇಡಿಯೇಟರಿನ ಕೆಳಗಿನ ನಲ್ಲಿ ತೆರೆದೆ, ಹನಿ ನಿಲ್ಲುವ ತನಕ ಕಾದೆ, ಮುಚ್ಚಿದೆ, ತಗಡು ನೇತುಹಾಕಿದೆ. ಕೈ ತೊಳೆದು ಬಂದೆ. ಅಪ್ಪ ನೋಡಿದಾಗ ತಾನೇ ತಿಳಿಯುತ್ತದೆ, ಮಗನೂ ಒಂದು ಕೆಲಸ ಮಾಡಿದನಲ್ಲ ಎಂದು ಖುಷಿಯಾಗುತ್ತದೆ ಎಂದುಕೊಂಡೆ. ಹೇಳಿ ಮಾಡಿದರೆ ಉಪಕಾರ ಚಿಕ್ಕದಾಗುತ್ತದೆ ಎನ್ನುವ ಜಂಬ ಬೇರೆ.

ನನ್ನ ಹಡಗಿನಲ್ಲಿ ನೀರು ಇಳಿಸಬೇಕಾದರೆ ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆಯುತ್ತೇವೆ, ಪೂರ್ತಿ ಖಾಲಿಯಾಗುತ್ತದೆ. ಎರಡನೇ ನಲ್ಲಿ ಒಂದಿದೆ ಎಂದು ನಿನ್ನ ಕಾಗದ ಓದುವ ತನಕ ನನಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದ ಎಂಜಿನಿಯರ್! ಎಂಜಿನ್ ವಯಸ್ಸಾಗಿ ಸಾಯುವುದಿಲ್ಲ, ಒಂದು ಕಾರಣವಿರುತ್ತದೆ ಎಂದು ನಿನಗೇ ಪಾಠ ಹೇಳಿದೆ. ಕಾರಣ ಈ ಹಡಗಿನ ಮೂರನೇ ಮಹಡಿಯಲ್ಲಿ ಕೂತು ಕಾಗದ ಬರೆಯುತ್ತಿತ್ತು.

ಮೇ ತಿಂಗಳಲ್ಲಿ ಬರೆದದ್ದಕ್ಕೆ ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ. ಹೊಸ ಎಂಜಿನ್ ಹಾಕಿದ್ದು ಸರಿ.

ಇದರ ಜೊತೆ ಇರುವ ಹಾಳೆ ಅಪ್ಪನಿಗೆ. ನೀನು ಸಾರಾಂಶ ಹೇಳಬೇಡ, ಪೂರ್ತಿ ಓದು. ಮೆತ್ತಗೆ ಮಾಡಬೇಡ.

ತಮ್ಮ

ಅಪ್ಪಾ,

ಡಿಸೆಂಬರ್ ಎರಡನೇ ತಾರೀಕು ಬೆಳಿಗ್ಗೆ ಮಿಡತೆಯ ನೀರು ಇಳಿಸಿ ತಗಡು ಹಾಕಿದ್ದು ನಾನು. ಒಂದೇ ನಲ್ಲಿ ತೆರೆದೆ. ಇನ್ನೊಂದು ಇರುವುದು ನನಗೆ ಗೊತ್ತಿರಲಿಲ್ಲ. ಯಾರಿಗೂ ಹೇಳದೆ ಹೊರಟುಬಿಟ್ಟೆ. ನೀವು ಏನನ್ನೂ ಮರೆತಿಲ್ಲ. ನೀವು ಮಾಡದ ಕೆಲಸ ನಿಮಗೆ ನೆನಪಿರಲು ಹೇಗೆ ಸಾಧ್ಯ? ನೆನಪಿಲ್ಲ ಎಂದು ಹೇಳಿದ ನಿಮ್ಮ ತಲೆಯೇ ಸರಿ, ಸುಳ್ಳು ಹೇಳಿದ್ದು ತಗಡು. ನಿಮ್ಮ ಎಂಜಿನ್ ಒಡೆದವನು ನಾನು. ಬೈಯಿರಿ. ಆದರೆ ನಾಳೆ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ.

ನಿಮ್ಮ ಮಗ

*

ಆಗಸ್ಟ್ 3

ತಮ್ಮಾ,

ಕಾಗದ ಬಂದಾಗ ಅಪ್ಪ ಅಡುಗೆಮನೆಯ ಮೇಜಿನ ಹತ್ತಿರ ಬೆಳಗಿನ ಪತ್ರಿಕೆ ಓದುತ್ತಿದ್ದರು. ನಾನು ನಿಂತುಕೊಂಡೇ ಓದಿದೆ. ಪೂರ್ತಿ, ಮೆತ್ತಗೆ ಮಾಡದೆ.

ಅಪ್ಪ ಕನ್ನಡಕ ತೆಗೆದು ಒರೆಸಿದರು. "ಇನ್ನೊಂದ್ಸಲ ಓದು" ಅಂದರು. ಓದಿದೆ. "ತಾರೀಕು ಎಷ್ಟು ಬರ್ದಿದಾನೆ?" ಎರಡು ಎಂದೆ. "ನಾನು ಇಳಿಸೋದು ಆರು ಏಳಕ್ಕೆ. ಏಳನೇ ತಾರೀಕು ಹೋಗಿ ನೋಡ್ದಾಗ ತಗಡು ಇತ್ತು. ಆಗ್ಲೇ ಅನ್ಕೊಂಡೆ, ಇದ್ಯಾವಾಗ ಹಾಕಿದೆ ಅಂತ" ಎಂದರು. ಆಮೇಲೆ ಮೇಜಿನ ಮೇಲೆ ಅಂಗೈ ಬಡಿದು, ಪಾತ್ರೆಯೆಲ್ಲ ಅಲ್ಲಾಡುವ ಹಾಗೆ, "ಕತ್ತೆ! ಅಪ್ಪಟ ಕತ್ತೆ! ಹಡಗು ಓಡಿಸ್ತಾನಂತೆ ಹಡಗು!" ಎಂದು ಕೂಗಿದರು. ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಅಷ್ಟು ಗಟ್ಟಿಯಾದ ಸದ್ದು ಆಗಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಅವರು ನಾಳೆ ಬೆಳಗಿನ ತನಕ ಕಾಯಲಿಲ್ಲ. ಪತ್ರಿಕೆಯನ್ನು ಮಡಿಸಿ, ಚಪ್ಪಲಿ ಮೆಟ್ಟಿ, ನನ್ನ ಜೇಬಿಗೆ ಕೈಹಾಕಿ ಕೀಲಿಕೈ ತೆಗೆದುಕೊಂಡು ನಡೆದೇಬಿಟ್ಟರು. ನಾನು ಗ್ಯಾಸ್ ಆರಿಸಿ ಹಿಂದೆ ಓಡಿದೆ. ದಾರಿಯಲ್ಲಿ ಅವರು ಗ್ಯಾಸಿನ ವಿಷಯ ಕೇಳಲೇ ಇಲ್ಲ.

ಗ್ಯಾರೇಜಿನಲ್ಲಿ ಮಾವ ಇದ್ದರು. ಅಪ್ಪ ಮಿಡತೆಯ ಬಾನೆಟ್ಟು ಎತ್ತಿ ಒಳಗೆ ನೋಡಿದರು, ನನ್ನನ್ನು ನೋಡಿದರು. ಬ್ಯಾಟರಿ ಲೈಟು ಹಿಡಿದು ತೊಟ್ಟಿಲಿನ ನಾಲ್ಕೂ ಬೋಲ್ಟುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದರು. "ಹಳೇ ತೂತೇನಾ?" ಎಂದರು. ಹಳೆಯವೇ, ಹೊಸದೊಂದೂ ಇಲ್ಲ ಎಂದೆ. "ಹೂಂ" ಎಂದರು. ತಮ್ಮಾ, ಆ ಹೂಂ ಎಂಥದ್ದು ಎಂದು ನಿನಗೆ ಗೊತ್ತು. ನನಗೆ ಅದು ಸಾಕು.

ಆಮೇಲೆ ಎಂಜಿನ್ ಓಡಿಸಲು ಹೇಳಿ, ಡ್ರಾಯರಿನಿಂದ ರಬ್ಬರ್ ಕೊಳವೆ ತೆಗೆದು ಒಂದು ತುದಿ ಕಿವಿಗಿಟ್ಟುಕೊಂಡರು. ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಗೇಣು ಗೇಣಾಗಿ ಆಡಿಸಿದರು. ಐದು ನಿಮಿಷವೂ ಆಗಿರಲಿಕ್ಕಿಲ್ಲ. "ಇಲ್ಲಿ ಕಳ್ಳ ಗಾಳಿ ಎಳೀತಿದೆ. ಮೂರನೇ ಕೊಳವೆ ಕೆಳಗೆ. ಪಾಪ, ಆ ಪೆಟ್ಟಿಗೆಗೆ ಲೆಕ್ಕ ತಪ್ಪುತ್ತೆ, ಅದೇನು ಮಾಡುತ್ತೆ" ಎಂದರು. ಬಿಚ್ಚಿ ನೋಡಿದರೆ ನಾವು ಕೊಯ್ದು ಬೆಸೆದ ಗಾಳಿ ಕೊಳವೆಯ ಹೊಲಿಗೆಯಲ್ಲಿ, ಕಾಣದ ಕೆಳಭಾಗದಲ್ಲಿ, ಸೂಜಿಮೊನೆಯಷ್ಟು ತೂತು. ಮಾವ ತಲೆ ಕೆರೆದುಕೊಂಡರು. "ಒಂದೂ ಹೊಸ ತೂತು ಇರಬಾರ್ದು ಅಂದಿದ್ಳು ಇವಳು. ಇದೊಂದು ನನ್ ಲೆಕ್ಕಕ್ಕೆ" ಎಂದರು. ಮೂವರೂ ನಕ್ಕೆವು. ಮುಚ್ಚಿ ಬೆಸೆದ ಮೇಲೆ ಎಂಜಿನ್ ದಾರ ಹಿಡಿದ ಹಾಗೆ ಒಂದೇ ಸಮ ಓಡುತ್ತಿದೆ.

ಮರುದಿನ ಅಪ್ಪ ಸಂಘದವರಿಗೆ ಫೋನ್ ಮಾಡಿದರು. ಎಂಜಿನ್ ಬದಲಾದ ಗಾಡಿಗಳಿಗೆ ಬೇರೆ ಗುಂಪಂತೆ, ಅದರಲ್ಲಿರುವವರೆಲ್ಲ ಮೂವತ್ತರೊಳಗಿನವರಂತೆ. "ಇರ್ಲಿ ಬಿಡಿ, ಅವರಿಗೂ ಯಾರಾದ್ರೂ ಹೇಳ್ಕೊಡಬೇಕಲ್ಲ" ಅಂದರು.

ಮೇ ತಿಂಗಳ ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಅದೂ ಚೆನ್ನಾಗಿ ಉರಿಯಿತು. ಆ ವಿಷಯ ಅಲ್ಲಿಗೆ ಮುಗಿಯಿತು.

ಅಕ್ಕ

*

ಸೆಪ್ಟೆಂಬರ್ 22

ಮಗನೇ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಅಕ್ಕ ಬರೆದುಕೊಡುತ್ತೇನೆ ಅಂದಳು. ಬೇಡ ಅಂದೆ.

ನಿನ್ನೆ ಬೆಟ್ಟ ಹತ್ತಿದೆ. ನಾನು ಸ್ಟಿಯರಿಂಗಿನಲ್ಲಿ, ಗಡಿಯಾರ ಹಿಡಿದು ಪಕ್ಕದಲ್ಲಿ ನಿನ್ನ ಅಕ್ಕ, ನಿನ್ನ ಅಮ್ಮ ಕೂರುತ್ತಿದ್ದ ಜಾಗದಲ್ಲಿ. ಹಳೆ ಎಂಜಿನ್ನಿನಲ್ಲಿ ನನ್ನ ಅತ್ಯುತ್ತಮ ಓಟಕ್ಕಿಂತ ಹತ್ತೊಂಬತ್ತು ಸೆಕೆಂಡ್ ಬೇಗ ತುದಿ ಮುಟ್ಟಿದೆ. ಗುಂಪಿನಲ್ಲಿ ಆರನೆಯವನಾದೆ. ಮೂರನೇ ತಿರುವಿನಲ್ಲಿ ಗೇರ್ ತಡವಾಗಿ ಇಳಿಸಿದೆ, ಇಲ್ಲದಿದ್ದರೆ ನಾಲ್ಕನೆಯವನಾಗುತ್ತಿದ್ದೆ. ಮುಂದಿನ ವರ್ಷ ನೋಡೋಣ. ಈ ಎಂಜಿನ್ ಕೆಮ್ಮುವುದಿಲ್ಲ, ಗುಡುಗುವುದಿಲ್ಲ. ಅದೊಂದು ನನಗೆ ಸೇರಲಿಲ್ಲ. ಉಳಿದದ್ದೆಲ್ಲ ಸೇರಿತು. ನಿನ್ನ ಅಕ್ಕನಂಥ ಮೆಕ್ಯಾನಿಕ್ ಇನ್ನೊಬ್ಬಳಿಲ್ಲ. ಅವಳಿಗೆ ಇದನ್ನು ನಾನು ಎದುರಿಗೆ ಹೇಳಿಲ್ಲ, ನೀನು ಬರೆಯುವಾಗ ಬರೆ.

ಈ ಎಂಜಿನ್ನಿಗೆ ಕಷಾಯವೇ ಹಾಕಬೇಕು, ಹಾಕಿದ್ದೇವೆ. ಚಳಿಗಾಲಕ್ಕೆ ನೀರು ಇಳಿಸುವ ಕೆಲಸ ಇನ್ನಿಲ್ಲ. ಆದ್ದರಿಂದ ತಗಡು ಇದರ ಜೊತೆ ಕಳಿಸುತ್ತಿದ್ದೇನೆ. ಅಮ್ಮನ ಕೈಬರಹ ನಿನ್ನ ಹತ್ತಿರ ಒಂದೂ ಇಲ್ಲ ಎಂದು ಅಕ್ಕ ಹೇಳಿದಳು. ಇಟ್ಟುಕೋ.

ಒಂದು ವಿಷಯ ಹೇಳಬೇಕು. ತಪ್ಪು ನಿನ್ನೊಬ್ಬನದಲ್ಲ. ನೀನು ಚಿಕ್ಕವನಿದ್ದಾಗ ಗ್ಯಾರೇಜಿಗೆ ಬಂದರೆ, ಹೋಗು ಓದು, ಕೈ ಕೊಳೆ ಮಾಡಿಕೊಳ್ಳಬೇಡ ಎಂದು ಕಳಿಸುತ್ತಿದ್ದೆ. ನಿನ್ನ ಅಕ್ಕನಿಗೆ ಹತ್ತನೇ ವರ್ಷಕ್ಕೇ ಆ ಎರಡನೇ ನಲ್ಲಿ ತೋರಿಸಿದ್ದೆ. ನಿನಗೆ ತೋರಿಸಲಿಲ್ಲ. ನಿನಗೆ ಅದು ಬೇಕಾಗುವುದಿಲ್ಲ ಎಂದುಕೊಂಡೆ. ನೀನು ಅದನ್ನು ನೋಡಲು ಬಯಸಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಹಳೆ ಎಂಜಿನ್ ಎಸೆದಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ್ದೇನೆ. ಬಿರುಕನ್ನು ಮಾವ ಉಕ್ಕಿನ ಮೊಳೆಗಳಲ್ಲಿ ಒಂದೊಂದಾಗಿ ಹೊಲಿಯುತ್ತಿದ್ದಾರೆ. ನೀನು ಬರುವಷ್ಟರಲ್ಲಿ ಅದು ನೀರು ಹಿಡಿಯುತ್ತದೆ.

ಬಂದಾಗ ಹಳೆ ಬಟ್ಟೆ ಹಾಕಿಕೊಂಡು ನೇರ ಗ್ಯಾರೇಜಿಗೆ ಬಾ. ಎರಡನೇ ನಲ್ಲಿ ತೋರಿಸುತ್ತೇನೆ.

ಅಪ್ಪ